ಅಕ್ಕನ ಆರು ವರ್ಷದ ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ (ಜೀನ್ ದೋಷದಿಂದ ಸ್ನಾಯುಗಳು ಕ್ರಮೇಣ ಬಲ ಕಳೆದುಕೊಳ್ಳುವ ಕಾಯಿಲೆ) ಎಂದು ಗೊತ್ತಾಗಿದೆ. ಅತ್ತೆಮನೆಯಲ್ಲಿ ಅಕ್ಕನನ್ನೇ ದೂರುತ್ತಿದ್ದಾರೆ. ನಾವು ಹೇಗೆ ನೆರವಾಗಬಹುದು?

ಮೊದಲು ಆ ದೂರು ನಿಲ್ಲಬೇಕು. ಈ ಕಾಯಿಲೆಯ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ, ಗಂಡುಮಕ್ಕಳಿಗೆ ಅದು ತಾಯಿಯಿಂದ ಬರುತ್ತದೆ ಎಂದ ಕೂಡಲೇ ‘ತಾಯಿ ಕಡೆಯಿಂದ ಬಂತು’ ಅನ್ನುತ್ತಾರೆ. ಆದರೆ ಈ ಕಾಯಿಲೆ ಇರುವ ಸುಮಾರು ಮೂರು ಮಕ್ಕಳಲ್ಲಿ ಒಬ್ಬರಿಗೆ ಇದು ಹೊಸದಾಗಿ ಆದ ಬದಲಾವಣೆ, ತಾಯಿಯಲ್ಲಿ ಇರುವುದೇ ಇಲ್ಲ. ಇದ್ದರೂ ಅದು ಯಾರ ತಪ್ಪು? ಆದರೂ ಅಕ್ಕ ಮತ್ತು ಅವರ ತಂಗಿಯರು ಜೆನೆಟಿಕ್ ಕೌನ್ಸೆಲಿಂಗ್ (ಮುಂದೆ ಹುಟ್ಟುವ ಮಕ್ಕಳಿಗೆ ಇದು ಬರುವ ಸಾಧ್ಯತೆಯ ಬಗ್ಗೆ ತಜ್ಞರ ಸಲಹೆ) ಪಡೆಯಲಿ.

ಹುಡುಗ ನೆಲದಿಂದ ಏಳುವಾಗ ತೊಡೆಗೆ ಕೈಯೂರಿ, ತನ್ನ ಮೈಯನ್ನೇ ಹತ್ತಿದಂತೆ ಏಳುವುದನ್ನು ನೋಡಿರುತ್ತೀರಿ. ಅವನನ್ನು ಸೋಮಾರಿ ಅನ್ನಬೇಡಿ. ‘ಮೆಟ್ಟಿಲು ಹತ್ತು, ಶಕ್ತಿ ಬರುತ್ತೆ’ ಎಂದು ಅಜ್ಜ-ಅಜ್ಜಿ ಒತ್ತಾಯಿಸುವುದೂ ಬೇಡ, ಅತಿ ಶ್ರಮದಿಂದ ಸ್ನಾಯುಗಳಿಗೇ ಪೆಟ್ಟು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಹಿಮ್ಮಡಿಯ ಸ್ಟ್ರೆಚಿಂಗ್ ದಿನಾ ಆಗಬೇಕು. ಅದನ್ನು ನೀವೇ ವಹಿಸಿಕೊಂಡರೆ ಅಕ್ಕನಿಗೆ ಅಷ್ಟು ಹೊತ್ತಾದರೂ ಬಿಡುವು. ಸ್ನಾಯುಬಲ ಕುಗ್ಗುವುದನ್ನು ನಿಧಾನಿಸುವ ಸ್ಟೀರಾಯ್ಡ್ ಔಷಧಿ ಶುರುವಾಗಿದ್ದರೆ ಯಾರದೋ ಮಾತು ಕೇಳಿ ದಿಢೀರನೆ ನಿಲ್ಲಿಸಬೇಡಿ, ಅಪಾಯ. ಹೃದಯದ ತಪಾಸಣೆ ವರ್ಷಕ್ಕೊಮ್ಮೆಯಾದರೂ ಆಗಲಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದನ್ನು ನೋಡುವ ತಜ್ಞರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ಕಾಯಿಲೆಯೂ ಸೇರಿದೆ. ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಮಾಡಿಸಿ.

‘ನಂಗ್ಯಾಕೆ ಓಡೋಕಾಗಲ್ಲ?’ ಎಂದು ಮಗು ಕೇಳಿದಾಗ ಮಾತು ಮರೆಸಬೇಡಿ. ‘ನಿನ್ನ ಕಾಲಿಗೆ ಬೇಗ ಸುಸ್ತಾಗುತ್ತೆ ಕಂದ, ನಿಂದೇನೂ ತಪ್ಪಿಲ್ಲ’ ಅನ್ನಿ. ಆ ವಯಸ್ಸಿಗೆ ಅಷ್ಟು ಸಾಕು.