ಶಾಲೆ ಹತ್ತಿರ ಗಾಂಜಾ ಅಂಗಡಿ: ನಗರಸಭೆ ತಡೆಯಬಹುದು

ಕ್ಯಾಲಿಫೋರ್ನಿಯಾ ರಾಜ್ಯವೇ ಒಪ್ಪಿದ ಮೇಲೆ ಶಾಲೆ ಪಕ್ಕದ ಗಾಂಜಾ ಅಂಗಡಿಯನ್ನು ನಗರಸಭೆ ತಡೆಯಬಹುದಾ ಅಂತ ಕೇಳಿದ್ದೀರಿ. ಖಂಡಿತ ತಡೆಯಬಹುದು. 2016ರಲ್ಲಿ ಜನ ಮತ ಹಾಕಿ ಒಪ್ಪಿದ ಕಾನೂನಿನಲ್ಲೇ ಅಂಗಡಿ ಬೇಕೋ ಬೇಡವೋ ಎಂಬುದನ್ನು ಆಯಾ ನಗರ, ಕೌಂಟಿಗೆ (ನಮ್ಮ ಜಿಲ್ಲೆಯ ಹಾಗೆ) ಬಿಟ್ಟಿದ್ದಾರೆ. ಶಾಲೆಯಿಂದ 600 ಅಡಿ ದೂರ ಇರಬೇಕು ಎನ್ನುವುದು ರಾಜ್ಯದ ನಿಯಮ, ಆದರೆ ನಗರಸಭೆ ಆ ದೂರವನ್ನೂ ಹೆಚ್ಚಿಸಬಹುದು ಅಥವಾ ಕಡಿಮೆ ಮಾಡಬಹುದು, ಹಾಗಾಗಿ ಮೊದಲು ನಿಮ್ಮೂರಿನ ನಿಯಮ ನೋಡಿ.

ನಗರಸಭೆ ಈ ಬಗ್ಗೆ ಕರೆಯುವ ಸಾರ್ವಜನಿಕ ಸಭೆಗೆ ತಪ್ಪದೆ ಹೋಗಿ. ನಮ್ಮೂರ ಸಭೆಯಲ್ಲಿ ಮಗುವನ್ನು ಎತ್ತಿಕೊಂಡು ಬಂದಿದ್ದ ತಾಯಿ ಬೇಡವೇ ಬೇಡ ಅಂದರು. ಅವರ ಹಿಂದೆಯೇ ಕೋಲೂರಿಕೊಂಡು ಬಂದ ಅಜ್ಜಿ, ಕೀಲುನೋವಿಗೆ ನನಗೆ ಗಾಂಜಾನೇ ಆಗುವುದು, ಅಷ್ಟು ದೂರ ಹೋಗಿ ತರಲು ಆಗಲ್ಲ ಅಂದರು. ಇಬ್ಬರ ಮಾತೂ ನಿಜ ಅಲ್ವಾ?

ಇನ್ನೊಂದು ವಿಷಯ, ನೀವು ವೀಸಾದಲ್ಲಿದ್ದರೆ ಆ ವ್ಯಾಪಾರದಲ್ಲಿ ಕೆಲಸ, ಪಾಲು ಏನೂ ಬೇಡ. ರಾಜ್ಯ ಒಪ್ಪಿದರೂ ಫೆಡರಲ್ ಕಾನೂನು, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ಕಾನೂನು, ಅದನ್ನು ಒಪ್ಪಿಲ್ಲ.