“ಮೆತ್ ತಗೊಳ್ತಿದ್ದಾಗಲೇ ಚೆನ್ನಾಗಿ ದುಡೀತಿದ್ದ”

ಅಮೆರಿಕದ ಮೊಂಟಾನಾ ವಿಸ್ತೀರ್ಣದಲ್ಲಿ ಕರ್ನಾಟಕದ ಎರಡರಷ್ಟಿದೆ, ಜನ ಸುಮಾರು 11 ಲಕ್ಷ. ಅಲ್ಲಿನ ಹಳ್ಳಿಗಾಡಿನ ಮನೆಗಳಿಂದ ಮತ್ತೆ ಮತ್ತೆ ಕೇಳಿಬರುವ ಮಾತೊಂದಿದೆ. ಅದಕ್ಕಾಗಿಯೇ ಈ ಪ್ರಕರಣ. ಗುರುತಿನ ವಿವರಗಳನ್ನು ಬದಲಿಸಿದೆ.

ದನ ಸಾಕುವ ಮನೆತನದ ಯುವಕ. ಚಳಿಗಾಲದ ಕೊನೆಗೆ ಹಸುಗಳು ಕರು ಹಾಕುವಾಗ ರಾತ್ರಿಯಿಡೀ ಎದ್ದೆದ್ದು ನೋಡಬೇಕು. ನಿದ್ದೆ ತಡೆಯಲೆಂದು ಶುರುಮಾಡಿದ ಮೆತ್ (ಮೆಥಾಂಫೆಟಮೈನ್ ಎಂಬ ಉತ್ತೇಜಕ ಮಾದಕವಸ್ತು) ಚಟವಾಯಿತು. ಬಿಟ್ಟ ಒಂಬತ್ತನೇ ವಾರ, ನನ್ನ ಬಳಿ ಚಿಕಿತ್ಸೆಗೆ ಬರುತ್ತಿದ್ದ ಅವನ ಜೊತೆಗೆ ತಾಯಿಯೂ ಬಂದರು.

“ತಗೊಳ್ತಿದ್ದಾಗಲೇ ಚೆನ್ನಾಗಿ ದುಡೀತಿದ್ದ. ಈಗ ಮಧ್ಯಾಹ್ನದವರೆಗೂ ಏಳಲ್ಲ. ಇದಕ್ಕಾ ಬಿಡಿಸಿದ್ದು?”

ಮಗ ತಲೆಯೆತ್ತದೆ, “ನನಗೂ ಹಾಗೇ ಅನ್ಸುತ್ತೆ” ಅಂದ.

ನನ್ನನ್ನು ಹೆದರಿಸಿದ್ದು ತಾಯಿಯ ದೂರಲ್ಲ, ಮಗನ ಆ ಒಪ್ಪಿಗೆ. ಬಿಟ್ಟ ಮೊದಲ ವಾರ ಬರೀ ನಿದ್ದೆ, ಹಸಿವು. ಆಮೇಲೆ ಕೆಲವು ವಾರ ಹಗುರ. ಎಲ್ಲರೂ ಗೆದ್ದೆವು ಅಂದುಕೊಳ್ಳುತ್ತಾರೆ. ಸುಮಾರು ಆರನೇ ವಾರದಿಂದ ನಾಲ್ಕನೇ ತಿಂಗಳವರೆಗೆ ಯಾವುದರಲ್ಲೂ ರುಚಿಯಿಲ್ಲ, ಕೈಕಾಲು ಏಳುವುದಿಲ್ಲ. ಮೆದುಳಿನಲ್ಲಿ ಸುಖ, ಉತ್ಸಾಹ ಹುಟ್ಟಿಸುವ ಡೋಪಮಿನ್ ವ್ಯವಸ್ಥೆ ಚೇತರಿಸಿಕೊಳ್ಳಲು ವರ್ಷ ದಾಟಬಹುದು. ‘ನಾನಿನ್ನು ಹೀಗೇ’ ಎಂದುಕೊಂಡು ಬಹಳ ಮಂದಿ ಮರಳಿ ಜಾರುವುದು ಈ ಹಂತದಲ್ಲೇ.

ಈ ಸಲ ಅವನಿಗೆ ರಾತ್ರಿ ಪಾಳಿ ಬೇಡ ಅಂದೆ. ಕೊಟ್ಟಿಗೆ, ಕತ್ತಲು, ನಿದ್ದೆಗೇಡು ಮೂರೂ ಹಳೆಯ ಆಸೆಯನ್ನು ಕೆದಕುತ್ತವೆ. ಸಂಬಳ ಸದ್ಯಕ್ಕೆ ನಗದಾಗಿ ಕೈಗೆ ಬೇಡ. ಸಾಯುವ ಯೋಚನೆ ಬರುತ್ತದೆಯೇ ಎಂದು ತಾಯಿಯ ಎದುರಲ್ಲ, ಅವನೊಬ್ಬನನ್ನೇ ಕೂರಿಸಿ ನೇರವಾಗಿ ಕೇಳಿದೆ. ಮನೆಯ ಬಂದೂಕುಗಳನ್ನು ಕೆಲವು ತಿಂಗಳು ಬೇರೆಡೆ ಇಡಲು ಹೇಳಿದೆ. ನಲಾಕ್ಸೋನ್ ಸ್ಪ್ರೇ ಮನೆಯಲ್ಲಿರಲಿ: ಅದು ಮೆತ್‌ಗೆ ಮದ್ದಲ್ಲ, ಆದರೆ ಬೀದಿಯ ಮಾಲಿನಲ್ಲಿ ಉಸಿರು ನಿಲ್ಲಿಸಬಲ್ಲ, ಅಫೀಮಿನ ಬಗೆಯ ಫೆಂಟಾನಿಲ್ ಬೆರೆತಿದ್ದರೆ ಜೀವ ಉಳಿಸುತ್ತದೆ.

ವಾರಕ್ಕೆರಡು ಸಲ ಮೂತ್ರ ಪರೀಕ್ಷೆ. ಮೆತ್ ಸಿಗದಿದ್ದರೆ ಗಿಫ್ಟ್ ಕಾರ್ಡ್. ಮೊತ್ತ ಸಣ್ಣದರಿಂದ ಏರುತ್ತದೆ, ಒಂದು ಪರೀಕ್ಷೆ ತಪ್ಪಿಸಿದರೂ ಮೊದಲ ಮೊತ್ತಕ್ಕೇ ಇಳಿಯುತ್ತದೆ. ಮೆತ್‌ನ ಕುರುಹು ಮೂತ್ರದಲ್ಲಿ ಉಳಿಯುವುದು ಎರಡು–ನಾಲ್ಕು ದಿನ, ಹಾಗಾಗಿ ವಾರಕ್ಕೊಂದು ಸಾಲದು. ನೂರಾರು ಕಿಲೋಮೀಟರ್ ಓಡಾಟದಲ್ಲೇ ಇಂಥ ಚಿಕಿತ್ಸೆಗಳು ಮುರಿದುಬೀಳುತ್ತವೆ. ಹತ್ತಿರದ ಕ್ಲಿನಿಕ್‌ನಲ್ಲಿ ಪರೀಕ್ಷೆ, ಫೋನಿನಲ್ಲಿ ಮಾತು ಎಂದು ಗೊತ್ತುಮಾಡಿದೆವು.

“ಇದು ಲಂಚ ಅಲ್ವಾ?” ಅಂದರು ತಾಯಿ. ಅನ್ನಲಿ. ಮೆತ್ ಚಟಕ್ಕೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಔಷಧಿ ಒಂದೂ ಇಲ್ಲ. ಪುರಾವೆ ಗಟ್ಟಿಯಿರುವುದು ಈ ವಿಧಾನಕ್ಕೇ. ಹಲ್ಲುದುರಿದ ಮುಖಗಳನ್ನು ತೋರಿಸಿ ಹೆದರಿಸುವ ಜಾಹೀರಾತುಗಳನ್ನು ಆ ರಾಜ್ಯ 2005ರಿಂದ ನೋಡಿದೆ. ತಕ್ಷಣ ಸುಖ ಕೊಡುವ ವಸ್ತುವಿನ ಎದುರು ಮುಂದಿನ ವರ್ಷದ ಆರೋಗ್ಯದ ಭರವಸೆ ನಿಲ್ಲುವುದಿಲ್ಲ, ಇವತ್ತೇ ಕೈಗೆ ಸಿಗುವುದೇನಾದರೂ ಬೇಕು.

ರಾತ್ರಿ ಪಾಳಿಗೆ ಆಳು ಇಡಲು ಅವರು ಅಂದೇ ಒಪ್ಪಿದರು. ಬಂದೂಕಿನ ಮಾತಿಗೆ ಇನ್ನೊಂದು ಭೇಟಿ ಬೇಕಾಯಿತು.