ಪ್ರವಾಸಕ್ಕೆ ಯಾವ ಹಾರ್ಡ್ ಡಿಸ್ಕ್ ಒಳ್ಳೆಯದು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹಾರ್ಡ್ ಡಿಸ್ಕ್ ಬಗ್ಗೆಯೇ ಇವೆ. ಹಾಗಾಗಿ ಈ ಸಂಚಿಕೆಯ ಪ್ರಶ್ನೋತ್ತರ ಪೂರ್ತಿ ಅದಕ್ಕೇ ಮೀಸಲು. ಹೊಸ ಓದುಗರಿಗೆ ನನ್ನ ಪರಿಚಯ: ಸಾಕ್ಷ್ಯಚಿತ್ರ ತಂಡಗಳ ಜೊತೆ ಊರೂರು ಸುತ್ತಿ, ಶೂಟಿಂಗ್ ಮುಗಿದ ಮೇಲೆ ಲಾಡ್ಜ್‌ನಲ್ಲಿ ಕೂತು ಕ್ಯಾಮೆರಾ ಕಾರ್ಡಿನಿಂದ ಡಿಸ್ಕಿಗೆ ಕಾಪಿ ಮಾಡುವುದು ನನ್ನ ಕೆಲಸವಾಗಿತ್ತು. ಈಗ ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಎಲ್ಲ ಉತ್ತರಗಳ ಹಿಂದೆಯೂ ನನ್ನ ಒಂದೇ ಹಟ ಇದೆ: ಒಂದು ದುಬಾರಿ ಡಿಸ್ಕ್ ಕೊಳ್ಳುವ ಬದಲು ಎರಡು ಸಾಧಾರಣ ಡಿಸ್ಕ್ ಕೊಳ್ಳಿ.

ಮೇಡಂ, ಜೂನ್‌ನಲ್ಲಿ ನಾನು, ನನ್ನ ಹೆಂಡತಿ ಕಾರಿನಲ್ಲಿ ಲಡಾಖ್‌ಗೆ ಹೊರಟಿದ್ದೇವೆ. ಒಂದು ಕ್ಯಾಮೆರಾ, ಒಂದು ಆಕ್ಷನ್ ಕ್ಯಾಮೆರಾ, ಲ್ಯಾಪ್‌ಟಾಪ್ ಜೊತೆಗಿರುತ್ತದೆ. ಅಂಗಡಿಯವರು 5 ಟಿಬಿ ಹಾರ್ಡ್ ಡಿಸ್ಕ್ ತಗೊಳ್ಳಿ ಅಂತಾರೆ. ಮಗ ಎಸ್‌ಎಸ್‌ಡಿ ತಗೋ ಅಂತಾನೆ. ಯಾರ ಮಾತು ಕೇಳಲಿ?
— ಓದುಗರು, ಶಿರಸಿ

ಮಗ ಹೇಳಿದ್ದು ಸರಿ ಸರ್. ಅವನು ವೇಗ ನೋಡಿ ಹೇಳಿರಬಹುದು, ನನ್ನ ಕಾರಣ ಬೇರೆ.

ಹಾರ್ಡ್ ಡಿಸ್ಕ್ ಒಳಗೆ ಹೊಳೆಯುವ ತಟ್ಟೆಗಳಿರುತ್ತವೆ. ಪೋರ್ಟಬಲ್ ಡಿಸ್ಕುಗಳಲ್ಲಿ ಅವು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತವೆ. ಓದಿ ಬರೆಯುವ ಹೆಡ್ ತಟ್ಟೆಯನ್ನು ಮುಟ್ಟುವುದಿಲ್ಲ. ತಟ್ಟೆ ತಿರುಗುವಾಗ ಏಳುವ ಗಾಳಿಯ ಪದರದ ಮೇಲೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಬೆಟ್ಟ ಹತ್ತಿದಂತೆಲ್ಲ ಗಾಳಿ ತೆಳುವಾಗುತ್ತದೆ. ಹೆಡ್ ತಟ್ಟೆಗೆ ಇನ್ನೂ ಹತ್ತಿರ ಬರುತ್ತದೆ. ಅದಕ್ಕೇ ಕಂಪನಿಗಳು ಸಾಮಾನ್ಯವಾಗಿ ಸುಮಾರು 3,000 ಮೀಟರ್ ಎತ್ತರದವರೆಗೆ ಮಾತ್ರ ಹಾರ್ಡ್ ಡಿಸ್ಕ್ ಓಡಿಸಿ ಅನ್ನುತ್ತವೆ. ಲೇಹ್ ಪಟ್ಟಣವೇ 3,500 ಮೀಟರ್ ಎತ್ತರದಲ್ಲಿದೆ. ಪ್ಯಾಂಗಾಂಗ್ ಸರೋವರ 4,200 ಮೀಟರ್ ದಾಟುತ್ತದೆ. ಆಫ್ ಆಗಿರುವಾಗ ಹೆಡ್ ಪಕ್ಕಕ್ಕೆ ಸರಿದು ಕೂತಿರುತ್ತದೆ, ಹಾಗಾಗಿ ಚೀಲದಲ್ಲಿ ಒಯ್ದರೆ ತೊಂದರೆ ಇಲ್ಲ. ಅಲ್ಲಿ ಓಡಿಸುವುದೇ ಅಪಾಯ. ಎಸ್‌ಎಸ್‌ಡಿಯಲ್ಲಿ ತಿರುಗುವುದು, ತೇಲುವುದು ಏನೂ ಇಲ್ಲ, ಬರೀ ಚಿಪ್. ಅದಕ್ಕೆ ಆ ಎತ್ತರವೂ ಒಂದೇ, ಗುಂಡಿ ರಸ್ತೆಯ ಕುಲುಕಾಟವೂ ಒಂದೇ.

ಇನ್ನು ವೇಗದ ವಿಷಯ. ಡಬ್ಬಿಯ ಮೇಲೆ ಸೆಕೆಂಡಿಗೆ 1,050 ಎಂಬಿ, 2,000 ಎಂಬಿ ಅಂತ ದೊಡ್ಡದಾಗಿ ಬರೆದಿರುತ್ತಾರೆ. ನೀವು ಕಾಪಿ ಮಾಡುವುದು ಎಲ್ಲಿಂದ? ಎಸ್‌ಡಿ ಕಾರ್ಡಿನಿಂದ ಅಲ್ವಾ? ಸಾಮಾನ್ಯ ಎಸ್‌ಡಿ ಕಾರ್ಡ್ ಸೆಕೆಂಡಿಗೆ 100 ಎಂಬಿ ಆಸುಪಾಸಿನಲ್ಲೇ ಓದುತ್ತದೆ. ಡಿಸ್ಕ್ ಎಷ್ಟೇ ಜೋರಾಗಿದ್ದರೂ ಕಾರ್ಡ್ ಕೊಟ್ಟಷ್ಟನ್ನೇ ತಗೊಳ್ಳಬೇಕು. 64 ಜಿಬಿ ಕಾರ್ಡ್ ಖಾಲಿ ಮಾಡಲು ಹೇಗೂ ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ. ಆದ್ದರಿಂದ 2,000ದ ಮಾಡೆಲ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಸ್ಯಾಮ್‌ಸಂಗ್ ಟಿ7, ಕ್ರೂಶಿಯಲ್ ಎಕ್ಸ್9 ಮಟ್ಟದ್ದು ಧಾರಾಳವಾಯಿತು. ಲಡಾಖ್‌ನ ಧೂಳಿಗೆ ಟಿ7 ಶೀಲ್ಡ್ ನನಗೆ ಇಷ್ಟ. ಅದಕ್ಕೆ ಐಪಿ65 ರೇಟಿಂಗ್ ಇದೆ, ಅಂದರೆ ಧೂಳು ಒಳಗೆ ಹೋಗುವುದಿಲ್ಲ, ನೀರು ಸಿಡಿದರೆ ತಡೆಯುತ್ತದೆ. ನೀರಲ್ಲಿ ಮುಳುಗಿಸಬಾರದು ಅಷ್ಟೇ.

ಎಷ್ಟು ಟಿಬಿ ಬೇಕು ಅನ್ನುವುದನ್ನು ಅಂದಾಜಿನ ಮೇಲೆ ಬಿಡಬೇಡಿ, ಲೆಕ್ಕ ಹಾಕಿ. 4ಕೆ ವಿಡಿಯೊವನ್ನು 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್) ಹಿಡಿದರೆ ಗಂಟೆಗೆ 45 ಜಿಬಿ ಆಗುತ್ತದೆ. ದಿನಕ್ಕೆ ಒಂದು ಗಂಟೆಯಂತೆ 20 ದಿನಕ್ಕೆ 900 ಜಿಬಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ರಾ ಫೋಟೊ (ಸಂಸ್ಕರಿಸದ ಮೂಲ ಫೋಟೊ) ಒಂದಕ್ಕೆ ಸುಮಾರು 30 ಎಂಬಿ ಅಂತ ಇಟ್ಟುಕೊಳ್ಳಿ. ದಿನಕ್ಕೆ 200 ತೆಗೆದರೆ 6 ಜಿಬಿ, 20 ದಿನಕ್ಕೆ 120. ಎರಡೂ ಸೇರಿ 1 ಟಿಬಿ, ಅಂದರೆ 1,000 ಜಿಬಿ ದಾಟಿತು. ಅಂದರೆ ನಿಮಗೆ ಬೇಕಾದದ್ದು 2 ಟಿಬಿ, 5 ಅಲ್ಲ. ಉಳಿದ ದುಡ್ಡಲ್ಲಿ ಎರಡನೇ ಡಿಸ್ಕ್ ತಗೊಳ್ಳಿ.

ಎರಡೂ ಎಸ್‌ಎಸ್‌ಡಿ ಕೈಗೆಟುಕದಿದ್ದರೆ ಹೀಗೆ ಮಾಡಿ. 2 ಟಿಬಿ ಎಸ್‌ಎಸ್‌ಡಿ ಒಂದು, 2 ಟಿಬಿ ಹಾರ್ಡ್ ಡಿಸ್ಕ್ ಒಂದು. ಲೇಹ್ ಕಡೆ ಇರುವಷ್ಟು ದಿನ ಒಂದು ಪ್ರತಿ ಎಸ್‌ಎಸ್‌ಡಿಯಲ್ಲಿ, ಇನ್ನೊಂದು ಪ್ರತಿ ಲ್ಯಾಪ್‌ಟಾಪ್‌ನಲ್ಲಿ. ವಾಪಸ್ ಬರುವಾಗ ಮನಾಲಿಯಲ್ಲಿ ತಂಗಿದಾಗ ಹಾರ್ಡ್ ಡಿಸ್ಕ್ ಹೊರಗೆ ತೆಗೆಯಿರಿ. ಮನಾಲಿ 2,000 ಮೀಟರ್ ಚಿಲ್ಲರೆ ಎತ್ತರದಲ್ಲಿದೆ, ಅಲ್ಲಿ ಓಡಿಸಲು ಅಡ್ಡಿಯಿಲ್ಲ.

ನಮ್ಮ ತಂಡದಲ್ಲಿ ನಡೆಸುತ್ತಿದ್ದ ಕ್ರಮವನ್ನೂ ಹೇಳಿಬಿಡುತ್ತೇನೆ. ಎರಡು ಡಿಸ್ಕಿಗೂ ಬಿಳಿ ಟೇಪ್ ಅಂಟಿಸಿ ಮಾರ್ಕರ್‌ನಲ್ಲಿ ಒಂದಕ್ಕೆ ‘ಅ’, ಇನ್ನೊಂದಕ್ಕೆ ‘ಆ’ ಅಂತ ಬರೆಯುತ್ತಿದ್ದೆ. ಪ್ರತಿ ದಿನಕ್ಕೊಂದು ಫೋಲ್ಡರ್. ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಊರು. ಹಾಗೆ ಬರೆದರೆ ಫೋಲ್ಡರುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಕಾಪಿ ಮಾಡಲು ಟೆರಾಕಾಪಿ ತರದ ಸಾಫ್ಟ್‌ವೇರ್ ಬಳಸಿ, ಅದು ಕಾಪಿಯಾದ ಮೇಲೆ ಎರಡೂ ಕಡೆ ಒಂದೇ ಇದೆಯಾ ಅಂತ ಹೋಲಿಸಿ ನೋಡುತ್ತದೆ. ಅದಿಲ್ಲದಿದ್ದರೆ ಎರಡೂ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಗಾತ್ರ ತಾಳೆ ನೋಡಿ. ನಾಲ್ಕೈದು ವಿಡಿಯೊ ತೆರೆದು ನಡುವಿನಲ್ಲಿ, ಕೊನೆಯಲ್ಲಿ ಓಡಿಸಿ ನೋಡಿ. ಎರಡೂ ಕಡೆ ಆಯಿತು ಅಂತ ಖಾತ್ರಿಯಾದ ಮೇಲಷ್ಟೇ ಕಾರ್ಡ್ ಫಾರ್ಮ್ಯಾಟ್. ಮೆಮೊರಿ ಕಾರ್ಡ್ ಈಗ ಅಷ್ಟೇನೂ ದುಬಾರಿಯಲ್ಲ. ಸಾಕಷ್ಟು ಕಾರ್ಡ್ ಇದ್ದರೆ ಮನೆ ಮುಟ್ಟುವವರೆಗೂ ಅಳಿಸಲೇಬೇಡಿ.

‘ಅ’ ನಿಮ್ಮ ಚೀಲದಲ್ಲಿ, ‘ಆ’ ನಿಮ್ಮ ಹೆಂಡತಿಯ ಚೀಲದಲ್ಲಿ. ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಎರಡನ್ನೂ ತುರುಕಬೇಡಿ. ಕಳ್ಳ ಒಯ್ಯುವುದು ಡಿಸ್ಕನ್ನಲ್ಲ, ಬ್ಯಾಗನ್ನು. ಚಳಿಯಿಂದ ಬೆಚ್ಚಗಿನ ಕೋಣೆಗೆ ಬಂದಾಗ ಡಿಸ್ಕ್ ಸ್ವಲ್ಪ ಹೊತ್ತು ಚೀಲದೊಳಗೇ ಇರಲಿ. ತಕ್ಷಣ ಹೊರಗೆ ತೆಗೆದರೆ ಮೇಲೆ ನೀರಿನ ಪಸೆ ಕೂರುತ್ತದೆ.

ಹೊಸ ಡಿಸ್ಕ್ ಮೇಲೆ 2 ಟಿಬಿ ಅಂತ ಇದೆ. ಕಂಪ್ಯೂಟರ್‌ಗೆ ಹಾಕಿದರೆ 1.81 ತೋರಿಸುತ್ತದೆ. ಮೋಸ ಹೋದೆನಾ?
— ಓದುಗರು, ಚಿತ್ರದುರ್ಗ

ಇಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ. ಜಾಗ ಒಂದೇ, ಅಳತೆ ಬೇರೆ. ಅದೇ ಡಿಸ್ಕನ್ನು ಮ್ಯಾಕ್‌ಗೆ ಹಾಕಿದರೆ 2 ಟಿಬಿ ಅಂತಲೇ ತೋರಿಸುತ್ತದೆ.

ನಾನು ನಿವೃತ್ತ ಶಾಲಾ ಶಿಕ್ಷಕ. ಮದುವೆ ವಿಡಿಯೊ, ಮೊಮ್ಮಕ್ಕಳ ಫೋಟೊ ಎಲ್ಲಾ ಸೇರಿ ಫೋನ್ ತುಂಬಿದೆ. ಡಿಸ್ಕಿಗೆ ಹಾಕಿ ಫೋನ್ ಖಾಲಿ ಮಾಡಬೇಕು ಅಂತಿದ್ದೇನೆ. ಯಾವುದು ತರಲಿ?
— ಓದುಗರು, ತೀರ್ಥಹಳ್ಳಿ

ಮೇಷ್ಟ್ರೇ, ನಿಮ್ಮ ಪತ್ರದಲ್ಲೇ ನನಗೆ ಭಯವಾಗುವ ಮಾತೊಂದಿದೆ: ‘ಡಿಸ್ಕಿಗೆ ಹಾಕಿ ಫೋನ್ ಖಾಲಿ’. ಹಾಗೆ ಮಾಡಿದರೆ ಬ್ಯಾಕಪ್ ಆಗುವುದಿಲ್ಲ. ಇದ್ದ ಒಂದು ಪ್ರತಿ ಫೋನಿನಿಂದ ಡಿಸ್ಕಿಗೆ ಜಾಗ ಬದಲಾಯಿಸುತ್ತದೆ ಅಷ್ಟೇ. ನನ್ನ ಅಂಗಡಿಗೆ ಕಣ್ಣಲ್ಲಿ ನೀರು ತುಂಬಿಕೊಂಡು ಬರುವವರಲ್ಲಿ ಹೆಚ್ಚಿನವರು ಇದೇ ಕೆಲಸ ಮಾಡಿರುತ್ತಾರೆ. ಡಿಸ್ಕ್ ಇತ್ತು, ಬ್ಯಾಕಪ್ ಇರಲಿಲ್ಲ. ಎರಡು ಡಿಸ್ಕಿಗೆ ಹಾಕಿದ ಮೇಲೆ ಫೋನಿನಿಂದ ಅಳಿಸಿ, ಒಂದು ದಿನವೂ ಮುಂಚೆ ಬೇಡ.

ನಿಮಗೆ ಎಸ್‌ಎಸ್‌ಡಿ ಬೇಡ. ಮನೆಯಲ್ಲಿ ಒಂದೇ ಕಡೆ ಇರುವ ಡಿಸ್ಕಿಗೆ ಆ ಗಟ್ಟಿತನ ಬೇಕಿಲ್ಲ. ಜೊತೆಗೆ ಎಸ್‌ಎಸ್‌ಡಿಯಲ್ಲಿ ಡೇಟಾ ಇರುವುದು ವಿದ್ಯುತ್ ಚಾರ್ಜ್ ರೂಪದಲ್ಲಿ. ವರ್ಷಗಟ್ಟಲೆ ಕರೆಂಟ್ ಕೊಡದೆ ಬೀರುವಿನಲ್ಲಿಟ್ಟರೆ ಆ ಚಾರ್ಜ್ ನಿಧಾನಕ್ಕೆ ಸೋರುತ್ತದೆ. ಸೆಕೆಯಲ್ಲಿ ಇನ್ನೂ ಬೇಗ. ಸೀಗೇಟ್, ಡಬ್ಲ್ಯುಡಿ, ತೋಷಿಬಾ, ಈ ಮೂರರಲ್ಲಿ ಯಾವುದಾದರೂ 2 ಟಿಬಿಯ ಎರಡು ಪೋರ್ಟಬಲ್ ಹಾರ್ಡ್ ಡಿಸ್ಕ್ ತನ್ನಿ. ಹಾರ್ಡ್ ಡಿಸ್ಕ್ ತಯಾರಿಸುವ ದೊಡ್ಡ ಕಂಪನಿಗಳು ಈಗ ಉಳಿದಿರುವುದೇ ಈ ಮೂರು. ಎರಡನ್ನೂ ಬೇರೆ ಬೇರೆ ಕಂಪನಿಯದ್ದು ತಂದರೆ ಇನ್ನೂ ಒಳ್ಳೆಯದು, ಒಂದೇ ದೋಷ ಎರಡಕ್ಕೂ ಬರುವುದು ತಪ್ಪುತ್ತದೆ.

ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗನದೋ ಮಗಳದೋ ಮನೆಯಲ್ಲಿ ಇರಲಿ. ಯುಗಾದಿಗೆ, ದೀಪಾವಳಿಗೆ ಹೇಗೂ ಅವರು ಬರುತ್ತಾರಲ್ಲ, ಆಗ ಅದಲುಬದಲು ಮಾಡಿ. ಹೊಸ ಫೋಟೊ ಸೇರಿಸಿ, ಹಳೆಯದನ್ನು ತೆರೆದು ನೋಡಿ. ಫೋಟೊಗ್ರಾಫರುಗಳು ‘3-2-1’ ಅನ್ನುವ ಕ್ರಮ ಇದೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಮನೆಯ ಹೊರಗೆ. ಮೂರನೆಯದಕ್ಕೆ ತೀರಾ ಮುಖ್ಯವಾದದ್ದನ್ನಷ್ಟೇ ಆರಿಸಿ ಗೂಗಲ್ ಡ್ರೈವ್‌ನಂಥ ಕಡೆ ಹಾಕಿ.

ನಿಮ್ಮೂರಿನ ಮಳೆಗಾಲ ನಿಮಗೆ ಹೇಳಬೇಕಾಗಿಲ್ಲ. ಗೋಡೆಯೇ ಬೆವರುವಾಗ ಡಿಸ್ಕಿನ ಪಿನ್ನುಗಳಿಗೆ ಕಿಲುಬು ಹಿಡಿಯದೆ ಇರುತ್ತದಾ? ಗಾಳಿಯಾಡದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಬಣ್ಣ ಬದಲಾಗುವ ಜೆಲ್ ಸಿಗುತ್ತದೆ, ಬಣ್ಣ ತಿರುಗಿದಾಗ ಪೊಟ್ಟಣ ಬದಲಾಯಿಸಿ. ಅಟ್ಟದ ಮೇಲೆ, ಒಲೆ ಪಕ್ಕ ಬೇಡ.

ಇನ್ನೊಂದು ವಿಷಯ. ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿಕೊಂಡು ಆಮೇಲೆ ಡಿಸ್ಕಿಗೆ ಹಾಕಬೇಡಿ, ಅದು ಫೋಟೊವನ್ನು ಕುಗ್ಗಿಸುತ್ತದೆ. ಕೇಬಲ್ ಹಾಕಿ ಫೋನಿನಿಂದ ನೇರವಾಗಿ ಕಂಪ್ಯೂಟರ್‌ಗೆ ತನ್ನಿ.

ಆನ್‌ಲೈನ್‌ನಲ್ಲಿ 16 ಟಿಬಿ ಎಸ್‌ಎಸ್‌ಡಿ ಎರಡು ಸಾವಿರಕ್ಕೆ ಸಿಕ್ಕಿತು. ಸಿನಿಮಾ ತುಂಬಿಸಿದೆ, ಹೆಸರು ಕಾಣಿಸುತ್ತದೆ, ಓಪನ್ ಆಗುತ್ತಿಲ್ಲ.
— ಓದುಗರು, ವಿಜಯಪುರ

ಇದು ನಕಲಿ. ಇಂಥದ್ದೊಂದನ್ನು ನನ್ನ ಅಂಗಡಿಯಲ್ಲಿ ಬಿಚ್ಚಿ ತೋರಿಸಿದ್ದೇನೆ. ಲೋಹದ ಡಬ್ಬಿ, ಒಳಗೆ ಸಣ್ಣ ಬೋರ್ಡ್, ಬೋರ್ಡಿನಲ್ಲಿ ಉಗುರಿನಷ್ಟು ಮೈಕ್ರೊ ಎಸ್‌ಡಿ ಕಾರ್ಡ್. ತೂಕ ಬರಲಿ ಅಂತ ಕಬ್ಬಿಣದ ತುಂಡೊಂದನ್ನು ಅಂಟಿಸಿದ್ದರು. ಕಂಪ್ಯೂಟರಿಗೆ 16 ಟಿಬಿ ಇದೆ ಅಂತ ಸುಳ್ಳು ಹೇಳುವಂತೆ ಮಾಡಿರುತ್ತಾರೆ. ನಿಜವಾದ ಜಾಗ ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳು. ವಾಪಸ್ ಮಾಡುವ ಅವಧಿ ಮುಗಿಯುವ ಮೊದಲೇ ಹಿಂದಿರುಗಿಸಿ. ಇನ್ನು ಮುಂದೆ ಯಾವ ಡಿಸ್ಕ್ ಕೊಂಡರೂ ಮೊದಲು ಎಚ್2ಟೆಸ್ಟ್‌ಡಬ್ಲ್ಯು ಅನ್ನುವ ಉಚಿತ ಸಾಫ್ಟ್‌ವೇರ್ ಓಡಿಸಿ. ಅದು ಪೂರ್ತಿ ಜಾಗಕ್ಕೆ ಬರೆದು, ಮತ್ತೆ ಓದಿ ನೋಡುತ್ತದೆ. ದೊಡ್ಡ ಡಿಸ್ಕಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಿ.

ಡಿಸ್ಕ್ ಹಾಕಿದರೆ ಲೈಟ್ ಬರುತ್ತದೆ. ಒಮ್ಮೆ ಕಾಣಿಸುತ್ತದೆ, ಒಮ್ಮೆ ಮಾಯ. ಡಿಸ್ಕ್ ಹೋಯಿತಾ?
— ಓದುಗರು, ಹಾಸನ

ಮೊದಲು ಕೇಬಲ್ ಬದಲಾಯಿಸಿ ನೋಡಿ. ಹಾರ್ಡ್ ಡಿಸ್ಕುಗಳಿಗೆ ಬರುವ ಆ ಅಗಲವಾದ, ಎರಡು ಹಲ್ಲಿನ ಚಪ್ಪಟೆ ಪಿನ್ ಇದೆಯಲ್ಲ, ಡಿಸ್ಕ್ ಕೇಬಲಿಗೆ ನೇತಾಡಿದರೆ ಅದು ಬೇಗ ಸಡಿಲವಾಗುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ. ಕಿಂಡಿ ಕಿತ್ತುಬಂದರೆ ಡಿಸ್ಕನ್ನು ಬಿಚ್ಚಿ ಬೇರೆ ಡಬ್ಬಿಗೆ ಹಾಕಲೂ ಆಗುವುದಿಲ್ಲ. ಹಾಗಾಗಿ ಡಿಸ್ಕ್ ಯಾವಾಗಲೂ ಮೇಜಿನ ಮೇಲೆ ಮಲಗಿರಲಿ.

ಕೇಬಲ್ ಸರಿ ಇದ್ದರೆ ಕರೆಂಟ್ ಸಾಲದೆ ಇರಬಹುದು. ಹಳೆಯ ಯುಎಸ್‌ಬಿ 2 ಕಿಂಡಿ 500 ಮಿಲಿಆಂಪ್ ಕೊಡುತ್ತದೆ, ಯುಎಸ್‌ಬಿ 3 ಆದರೆ 900. ಒಳಗಿನ ನಾಲಿಗೆ ನೀಲಿ ಇದ್ದರೆ ಸಾಮಾನ್ಯವಾಗಿ ಅದು ಯುಎಸ್‌ಬಿ 3. ಡೆಸ್ಕ್‌ಟಾಪ್ ಆದರೆ ಮುಂದಿನ ಕಿಂಡಿ ಬಿಟ್ಟು ಹಿಂದಿನದಕ್ಕೆ ಹಾಕಿ. ನಡುವೆ ಹಬ್ ಬೇಡ. ಕಾಣಿಸಿದ ಕೂಡಲೇ ಮೊದಲು ಡೇಟಾ ಬೇರೆ ಕಡೆಗೆ ತೆಗೆದುಕೊಳ್ಳಿ, ರೋಗ ಪತ್ತೆ ಆಮೇಲೆ.

ಕಾಲೇಜಿನಲ್ಲಿ ವಿಂಡೋಸ್, ಗೆಳೆಯನ ಹತ್ತಿರ ಮ್ಯಾಕ್. ನನ್ನ ಡಿಸ್ಕ್ ಮ್ಯಾಕ್‌ನಲ್ಲಿ ಓಪನ್ ಆಗುತ್ತದೆ, ಫೈಲ್ ಹಾಕಲು ಬಿಡುವುದಿಲ್ಲ.
— ವಿದ್ಯಾರ್ಥಿ, ಧಾರವಾಡ

ಡಿಸ್ಕ್ ಎನ್‌ಟಿಎಫ್‌ಎಸ್‌ನಲ್ಲಿದೆ, ಅಂದರೆ ವಿಂಡೋಸ್ ಫೈಲುಗಳನ್ನು ಜೋಡಿಸಿಡುವ ಕ್ರಮದಲ್ಲಿ. ಮ್ಯಾಕ್ ಅದನ್ನು ಓದುತ್ತದೆ, ಬರೆಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಎರಡೂ ಕಡೆ ನಡೆಯುತ್ತದೆ. ಫ್ಯಾಟ್32 ಬೇಡ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಇರುವುದೆಲ್ಲ ಹೋಗುತ್ತದೆ, ಮೊದಲು ಬೇರೆ ಕಡೆ ಇಟ್ಟುಕೊಳ್ಳಿ. ಎಕ್ಸ್‌ಫ್ಯಾಟ್ ಡಿಸ್ಕನ್ನು ನಡುವೆ ಕಿತ್ತರೆ ಫೈಲ್ ಕೆಡುವ ಸಾಧ್ಯತೆ ಜಾಸ್ತಿ. ಇಜೆಕ್ಟ್ ಮಾಡಿಯೇ ತೆಗೆಯಿರಿ.

ಯಕ್ಷಗಾನ ರೆಕಾರ್ಡಿಂಗ್ ತುಂಬಿದ್ದ ಡಿಸ್ಕ್ ಓಡುತ್ತಿರುವಾಗಲೇ ಮೇಜಿನಿಂದ ಬಿತ್ತು. ಈಗ ಟಿಕ್ ಟಿಕ್ ಅಂತ ಶಬ್ದ ಮಾಡುತ್ತದೆ. ಹಲವು ವರ್ಷದ ಸಂಗ್ರಹ ಅದು. ಏನಾದರೂ ಮಾಡಬಹುದಾ?
— ಓದುಗರು, ಕುಂದಾಪುರ

ಇನ್ನೊಮ್ಮೆ ಕರೆಂಟ್ ಕೊಡಬೇಡಿ. ಈಗಲೇ ಕೇಬಲ್ ತೆಗೆದಿಡಿ. ಆ ಶಬ್ದ ಅಂದರೆ ಹೆಡ್ ತನ್ನ ಜಾಗ ಹುಡುಕಿ, ಸಿಗದೆ, ಹಿಂದಕ್ಕೆ ಬಂದು ಮತ್ತೆ ಹೋಗುತ್ತಿದೆ ಅಂತ. ಹೆಡ್ ಮುರಿದಿದ್ದರೆ ಪ್ರತಿ ಸುತ್ತಿಗೂ ತಟ್ಟೆಯನ್ನು ಕೆರೆಯುತ್ತದೆ. ಕೆರೆದ ಜಾಗದಲ್ಲಿದ್ದ ಪದ, ಮಾತು ಮತ್ತೆ ಯಾರಿಗೂ ಸಿಗುವುದಿಲ್ಲ. ಫ್ರೀಜರ್‌ನಲ್ಲಿ ಇಡಿ, ಮೆಲ್ಲಗೆ ತಟ್ಟಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸ್ಕ್ರೂ ಬಿಚ್ಚಬೇಡಿ. ನನ್ನಂಥ ರಿಪೇರಿ ಅಂಗಡಿಗೂ ಕೊಡಬೇಡಿ, ಇದು ನಮ್ಮ ಕೈ ಮೀರಿದ ಕೆಲಸ. ಧೂಳಿಲ್ಲದ ಕ್ಲೀನ್ ರೂಮ್ ಇರುವ ಡೇಟಾ ರಿಕವರಿ ಕೇಂದ್ರಕ್ಕೇ ಒಯ್ಯಬೇಕು. ಖರ್ಚು ಹತ್ತಾರು ಸಾವಿರಕ್ಕೆ ಹೋಗಬಹುದು, ಖಾತ್ರಿಯೂ ಇಲ್ಲ. ಕೊಡುವ ಮೊದಲು ಎರಡು ಮಾತು ಬರವಣಿಗೆಯಲ್ಲಿ ತಗೊಳ್ಳಿ: ಪರೀಕ್ಷೆಗೆ ಎಷ್ಟು, ಡೇಟಾ ಸಿಗದಿದ್ದರೆ ಎಷ್ಟು. ವಾರಂಟಿ ಇದ್ದರೂ ಬಿದ್ದ ಡಿಸ್ಕಿಗೆ ಅದು ಸಿಗುವುದು ಕಷ್ಟ, ಡೇಟಾಕ್ಕಂತೂ ಇಲ್ಲ.

ಇಷ್ಟರೊಳಗೆ ಇನ್ನೊಂದು ಕೆಲಸ ಶುರು ಮಾಡಿ. ಆ ಆಟಗಳನ್ನು ನೀವೊಬ್ಬರೇ ರೆಕಾರ್ಡ್ ಮಾಡಿದ್ದಾ? ಮೇಳದವರ ಹತ್ತಿರ, ಆಟ ಆಡಿಸಿದ ಮನೆಯವರ ಹತ್ತಿರ, ಯಾವತ್ತೋ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಹೋದ ಅಭಿಮಾನಿಗಳ ಹತ್ತಿರ ವಿಚಾರಿಸಿ. ಯಾವ ರಾತ್ರಿ, ಯಾವ ಪ್ರಸಂಗ ಅಂತ ನೆನಪಿರುವಾಗಲೇ ಪಟ್ಟಿ ಬರೆದಿಡಿ. ಪಟ್ಟಿ ಕೈಯಲ್ಲಿದ್ದರೆ ಕೇಳುವುದು ಸುಲಭ.

ಅಕ್ಕಾ, ಓದಲು ಜರ್ಮನಿಗೆ ಹೋಗುತ್ತಿದ್ದೇನೆ. ಅಂಕಪಟ್ಟಿ, ಪಾಸ್‌ಪೋರ್ಟ್ ಸ್ಕ್ಯಾನ್ ಎಲ್ಲಾ ಡಿಸ್ಕಿನಲ್ಲಿದೆ. ಏರ್‌ಪೋರ್ಟ್ ಎಕ್ಸ್-ರೇಯಲ್ಲಿ ಅಳಿಸಿ ಹೋಗುತ್ತಾ?
— ವಿದ್ಯಾರ್ಥಿನಿ, ದಾವಣಗೆರೆ

ಎಕ್ಸ್-ರೇಯಿಂದ ಏನೂ ಆಗುವುದಿಲ್ಲ ಕಣಮ್ಮ. ಡಿಸ್ಕನ್ನು ಚೆಕ್-ಇನ್ ಸೂಟ್‌ಕೇಸಿಗೆ ಮಾತ್ರ ಹಾಕಬೇಡ, ಕೈಚೀಲದಲ್ಲಿ ಇಟ್ಟುಕೋ. ನೀನು ಯೋಚನೆ ಮಾಡಬೇಕಾದದ್ದು ಅದು ಕಳೆದುಹೋದರೆ ಯಾರ ಕೈಗೆ ಸಿಗುತ್ತದೆ ಅಂತ. ಡಿಸ್ಕಿಗೆ ಪಾಸ್‌ವರ್ಡ್ ಹಾಕು. ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರ್ ಇರುತ್ತದೆ. ಹೋಮ್ ಆದರೆ ಉಚಿತವಾಗಿ ಸಿಗುವ ವೆರಾಕ್ರಿಪ್ಟ್ ಬಳಸು. ಪಾಸ್‌ವರ್ಡ್ ಮರೆತರೆ ಅಂಗಡಿಯವರು ಯಾರೂ ತೆಗೆದುಕೊಡಲು ಆಗುವುದಿಲ್ಲ, ಅದನ್ನೊಂದು ಚೀಟಿಯಲ್ಲಿ ಬರೆದು ಅಮ್ಮನ ಹತ್ತಿರ ಕೊಟ್ಟು ಹೋಗು. ಅದೇ ಸ್ಕ್ಯಾನ್‌ಗಳ ಇನ್ನೊಂದು ಪ್ರತಿ ಮನೆಯ ಕಂಪ್ಯೂಟರಿನಲ್ಲೂ ಇರಲಿ. ಬೇಕಾದಾಗ ತಮ್ಮನೋ ತಂಗಿಯೋ ಮೇಲ್ ಮಾಡುತ್ತಾರೆ.